ಕಾಂಡ್ಲಾ ಕಾಡಿನ ಸನ್ಯಾಸಿ ಏಡಿಯನ್ನು ಗುರುತಿಸುವ ಕ್ರಮ: ಚಿಪ್ಪು ಬಿಡಿ, ಕಾಲು ನೋಡಿ

ಸನ್ಯಾಸಿ ಏಡಿಯ ಫೋಟೊ ಕಳಿಸಿ ‘ಇದು ಯಾವ ಪ್ರಭೇದ?’ ಎಂದು ಕೇಳುವವರಲ್ಲಿ ಹೆಚ್ಚಿನವರು ಕಳಿಸಿರುವುದು ಚಿಪ್ಪಿನ ಫೋಟೊ. ಶಂಖದ ಸುರುಳಿ, ಮೇಲಿನ ಗಂಟುಗಳು, ಮೆತ್ತಿಕೊಂಡ ಪಾಚಿ ಎಲ್ಲವೂ ಚೆನ್ನಾಗಿ ಬಂದಿರುತ್ತದೆ. ಏಡಿ ಮಾತ್ರ ಒಳಗೆ ಸೇರಿಕೊಂಡಿರುತ್ತದೆ, ಬಾಯಿಯ ಹತ್ತಿರ ಎರಡು ಇಕ್ಕಳದ ತುದಿ ಕಂಡರೆ ಹೆಚ್ಚು. ಅಂಥ ಫೋಟೊ ನೋಡಿ ಹೇಳಬಹುದಾದದ್ದು ಆ ಚಿಪ್ಪನ್ನು ಕಟ್ಟಿದ ಬಸವನಹುಳು ಯಾವುದು ಎಂದಷ್ಟೇ. ಏಡಿಗೆ ಅದು ಸತ್ತ ಬಸವನಹುಳು ಬಿಟ್ಟುಹೋದ ಮನೆ. ನಾಳೆ ಇನ್ನೊಂದು ಮನೆ ಸಿಕ್ಕರೆ ಇದನ್ನು ಬಿಟ್ಟು ಹೋಗುತ್ತದೆ.

ಎರಡನೆಯ ತಪ್ಪು ಇನ್ನೂ ಸಾಮಾನ್ಯ. ಏಡಿಯ ಕಾಲಿನ ಮೇಲೆ ಪಟ್ಟೆ ಕಂಡ ಕೂಡಲೇ ಅಂತರ್ಜಾಲದಲ್ಲಿ ಸಿಕ್ಕ ಪಟ್ಟೆಯ ಏಡಿಯ ಹೆಸರು ಹಚ್ಚಿಬಿಡುವುದು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಸನ್ಯಾಸಿ ಏಡಿಗಳಲ್ಲಿ ಪಟ್ಟೆ ಇರುವವು ಹಲವು. ಪಟ್ಟೆ ನೋಡುವುದು ಕೊನೆಯ ಕೆಲಸ, ಮೊದಲಿನದಲ್ಲ. ಕ್ರಮ ತಪ್ಪಿದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ. ಹಾಗಾಗಿ ಇಲ್ಲಿ ಕ್ರಮಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇನೆ.

ಯಾವ ಏಡಿ

ಉದಾಹರಣೆಗೆ ಒಂದೇ ಪ್ರಭೇದವನ್ನು ಹಿಡಿದುಕೊಳ್ಳೋಣ: ಕ್ಲಿಬನೇರಿಯಸ್ ಲಾಂಗಿಟಾರ್ಸಸ್. ಆಫ್ರಿಕಾದ ಪೂರ್ವ ಕರಾವಳಿಯಿಂದ ಹಿಡಿದು ಭಾರತ, ಆಗ್ನೇಯ ಏಷ್ಯಾ, ಉತ್ತರ ಆಸ್ಟ್ರೇಲಿಯಾ, ಜಪಾನ್‌ವರೆಗೆ ಅಳಿವೆ ಮತ್ತು ಕಾಂಡ್ಲಾ ಕಾಡುಗಳ ಕೆಸರಿನಲ್ಲಿ ಇದು ಸಿಗುತ್ತದೆ. ಡಚ್ ಪ್ರಾಣಿಶಾಸ್ತ್ರಜ್ಞ ಡಿ ಹಾನ್ 1849ರಲ್ಲಿ ಹೆಸರಿಟ್ಟದ್ದು. ಆ ಹೆಸರಿನಲ್ಲೇ ಗುರುತು ಅಡಗಿದೆ: ಲಾಂಗಿಟಾರ್ಸಸ್ ಎಂದರೆ ಉದ್ದನೆಯ ಪಾದದ್ದು. ಕಾಲಿನ ಕೊನೆಯ ಗೆಣ್ಣು ಅದರ ಹಿಂದಿನ ಗೆಣ್ಣಿಗಿಂತ ಉದ್ದ. ಈ ಒಂದು ಮಾತು ನೆನಪಿದ್ದರೆ ಅರ್ಧ ಕೆಲಸ ಆದಂತೆ.

ನೀವು ಅಟ್ಲಾಂಟಿಕ್ ಕರಾವಳಿಯ ಕಾಂಡ್ಲಾ ಕಾಡಿನಲ್ಲಿದ್ದರೆ ಈ ಪ್ರಭೇದ ಅಲ್ಲಿಲ್ಲ. ಆದರೆ ಅದೇ ಕುಲದ ಬೇರೆ ಪ್ರಭೇದಗಳಿವೆ, ಹಂತಗಳು ಅವಕ್ಕೂ ಇವೇ.

ಬೇಕಾದ ಸಾಮಾನು

ಬಿಳಿ ಬಣ್ಣದ, ಅಂಚು ಎತ್ತರವಿರುವ ಪ್ಲಾಸ್ಟಿಕ್ ತಟ್ಟೆ ಒಂದು. ಬಿಳಿಯೇ ಯಾಕೆಂದರೆ ಕೆಸರು ಬಣ್ಣದ ಏಡಿ ಕಪ್ಪು ತಟ್ಟೆಯಲ್ಲಿ ಕಾಣುವುದಿಲ್ಲ, ಕ್ಯಾಮೆರಾ ಕೂಡ ಬಣ್ಣವನ್ನು ತಪ್ಪಾಗಿ ಹಿಡಿಯುತ್ತದೆ. 10 ಪಟ್ಟು ದೊಡ್ಡದು ಮಾಡಿ ತೋರಿಸುವ ಕೈ ಭೂತಗನ್ನಡಿ. ಮಿಲಿಮೀಟರಿನ ಹತ್ತನೇ ಒಂದು ಭಾಗ ಅಳೆಯುವ ವರ್ನಿಯರ್ ಕ್ಯಾಲಿಪರ್. ಚಿತ್ರ ಬಿಡಿಸುವ ಮೃದು ಬ್ರಷ್. ಮ್ಯಾಕ್ರೋ ಲೆನ್ಸ್ ಸಿಕ್ಕಿಸಿದ ಫೋನ್ ಸಾಕು, ದೊಡ್ಡ ಕ್ಯಾಮೆರಾ ಬೇಡ. ಮಿಲಿಮೀಟರ್ ಗೆರೆಯ ಸಣ್ಣ ಸ್ಕೇಲು, ಪ್ರತಿ ಫೋಟೊದಲ್ಲೂ ಬರುವ ಹಾಗೆ. ಪುಸ್ತಕ, ಪೆನ್ಸಿಲ್. ಪೆನ್ನಿನ ಶಾಯಿ ನೀರು ತಾಗಿದರೆ ಕದಡುತ್ತದೆ.

ಕಾಲಿಗೆ ಬಿಗಿಯಾಗಿ ಕಟ್ಟುವ ಶೂ ಹಾಕಿಕೊಳ್ಳಿ. ಸಡಿಲ ಗಂಬೂಟು ಕೆಸರಿನಲ್ಲಿ ಹೂತು, ಕಾಲು ಮಾತ್ರ ಮೇಲೆ ಬರುತ್ತದೆ. ಬರಿಗಾಲು ಬೇಡವೇ ಬೇಡ. ಬೇರುಗಳಿಗೆ ಅಂಟಿದ ಸಿಂಪಿಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ.

ಹಂತ 1: ಇಳಿತ ಹಿಡಿದು ಹೋಗುವುದು

ಉಬ್ಬರ–ಇಳಿತದ ವೇಳಾಪಟ್ಟಿ ನೋಡದೆ ಹೊರಡಬೇಡಿ. ನೀರು ಪೂರ್ತಿ ಇಳಿಯುವುದಕ್ಕೆ ಎರಡು ಗಂಟೆ ಮೊದಲು ಒಳಗೆ ಹೋಗಿ. ನೀರು ಅತಿ ಕೆಳಗಿರುವ ಹೊತ್ತು ಎಂದರೆ ವಾಪಸ್ ತಿರುಗುವ ಹೊತ್ತು. ಕಾಂಡ್ಲಾ ಕಾಡಿನಲ್ಲಿ ಉಬ್ಬರ ಎದುರಿನಿಂದ ಬರುವುದಿಲ್ಲ. ಹಿಂದಿನ ಕೊರಕಲುಗಳು ಮೊದಲು ತುಂಬಿ ದಾರಿ ಮುಚ್ಚುತ್ತವೆ, ನೀವು ತಟ್ಟೆಯ ಮೇಲೆ ಬಗ್ಗಿಕೊಂಡಿರುತ್ತೀರಿ. ಒಬ್ಬರೇ ಹೋಗಬೇಡಿ. ಮೊಸಳೆ ಇರುವ ಪ್ರದೇಶವಾದರೆ ಆ ಜಾಗ ಬಲ್ಲ ಮೀನುಗಾರರ ಜೊತೆಯಿಲ್ಲದೆ ನೀರಿನಂಚಿಗೆ ಇಳಿಯಲೇಬೇಡಿ.

ಇಳಿತದ ಹೊತ್ತಿಗೆ ಸನ್ಯಾಸಿ ಏಡಿಗಳು ಕಾಣುವುದು ಒದ್ದೆ ಇರುವ ಕಡೆ: ಬೇರಿನ ಬುಡದ ಹೊಂಡ, ಬಿದ್ದ ಕೊಂಬೆಯ ನೆರಳು, ಕೊರಕಲಿನ ಅಂಚಿನ ತೆಳು ನೀರು. ಮೂವತ್ತು ನಲವತ್ತು ಸೇರಿ ಒಂದೇ ಬೇರಿನ ಬುಡದಲ್ಲಿ ಗುಂಪು ಕಟ್ಟಿಕೊಂಡಿದ್ದರೂ ಆಶ್ಚರ್ಯವಿಲ್ಲ. ಕೆನ್ಯಾದ ಕಾಂಡ್ಲಾ ಕಾಡುಗಳಲ್ಲಿ ಕ್ಲಿಬನೇರಿಯಸ್ ಲೇವಿಮ್ಯಾನಸ್ ಎಂಬ ನಂಟ ಪ್ರಭೇದ ಹೀಗೆ ಗುಂಪುಗೂಡುವುದನ್ನು ವಿಜ್ಞಾನಿಗಳು ವಿವರವಾಗಿ ದಾಖಲಿಸಿದ್ದಾರೆ.

ನೆಲದಿಂದ ಮೇಲೆದ್ದು ನಿಂತ ಉಸಿರುಬೇರುಗಳನ್ನು ತುಳಿಯಬೇಡಿ. ಅವು ಮುರಿದರೆ ಮರದ ಉಸಿರಿಗೇ ತೊಂದರೆ. ಅವುಗಳ ನಡುವೆ ಜಾಗ ನೋಡಿ ಹೆಜ್ಜೆ ಇಡಿ. ನಿಧಾನವಾದರೂ ಪರವಾಗಿಲ್ಲ.

ಹಂತ 2: ಮುಟ್ಟುವ ಮೊದಲು ಬರೆದುಕೊಳ್ಳಿ

ಏಡಿಯನ್ನು ಎತ್ತಿದ ಮೇಲೆ ಅದರ ಜಾಗದ ವಿವರ ನೆನಪಿನಿಂದ ಜಾರುತ್ತದೆ. ಎತ್ತುವ ಮೊದಲೇ ಬರೆಯಬೇಕಾದ್ದು: ಕೆಸರೋ, ಮರಳು ಬೆರೆತ ಕೆಸರೋ, ಬಂಡೆಯೋ, ನೀರಿನೊಳಗೋ, ಒದ್ದೆ ನೆಲದ ಮೇಲೋ, ಒಣನೆಲದಲ್ಲೋ, ಬೇರಿನ ಮೇಲೆ ಹತ್ತಿತ್ತೋ, ಒಂಟಿಯೋ ಗುಂಪೋ, ದಿನಾಂಕ, ಹೊತ್ತು, ಜಾಗದ ಜಿಪಿಎಸ್ ಅಂಕಿ.

ಇದಿಷ್ಟರಿಂದ ಪ್ರಭೇದ ಗೊತ್ತಾಗುವುದಿಲ್ಲ, ಆದರೆ ತಪ್ಪು ಉತ್ತರಗಳು ದೂರವಾಗುತ್ತವೆ. ಒಣಗಿದ ಎಲೆಗಳ ನಡುವೆ, ನೀರಿನಿಂದ ದೂರ ಸಿಕ್ಕಿದ್ದು ಬಹುಶಃ ನೆಲದ ಸನ್ಯಾಸಿ ಏಡಿಯಾದ ಸೀನೋಬಿಟ. ಮರಳಿನಲ್ಲಿ ಅರ್ಧ ಹೂತುಕೊಂಡು ಮೀಸೆ ಬೀಸುತ್ತಿದ್ದರೆ ಡಯೋಜಿನಿಸ್ ಎಂಬ ಇನ್ನೊಂದು ಕುಲದ್ದಿರಬಹುದು. ‘ಬಹುಶಃ’ ಎಂಬುದನ್ನು ಪುಸ್ತಕದಲ್ಲೂ ಹಾಗೇ ಬರೆಯಿರಿ.

ಚಿಪ್ಪಿನ ಹೆಸರು ಗೊತ್ತಿದ್ದರೆ ಬೇರೆ ಸಾಲಿನಲ್ಲಿ ಬರೆದಿಡಿ. ಕಾಂಡ್ಲಾ ಕೆಸರಿನ ಟೆರೆಬ್ರಾಲಿಯ, ಟೆಲಿಸ್ಕೋಪಿಯಂ ಬಸವನಹುಳುಗಳ ಉದ್ದ ಕೊಂಬಿನಂಥ ಚಿಪ್ಪಿನೊಳಗೆ ಸನ್ಯಾಸಿ ಏಡಿಗಳು ಸಾಮಾನ್ಯ. ಏಡಿಯ ಜೀವನ ಅರಿಯಲು ಈ ಮಾಹಿತಿ ಬೆಲೆಯುಳ್ಳದ್ದು. ಅದರ ಗುರುತಿಗೆ ಮಾತ್ರ ಸಾಕ್ಷಿಯಲ್ಲ. ಮೊದಮೊದಲು ಒಂದೇ ಬೇರಿನ ಬುಡದಲ್ಲಿ ಮೂರು ಬಗೆಯ ಚಿಪ್ಪು ಕಂಡು ಮೂರು ಪ್ರಭೇದ ಎಂದು ಬರೆದಿಟ್ಟಿದ್ದೆ. ತಟ್ಟೆಗೆ ಹಾಕಿ ಕಾದಾಗ ಮೂರರಿಂದಲೂ ಹೊರಬಂದದ್ದು ಒಂದೇ ಬಗೆಯ ಕಾಲು. ಅಂದಿನಿಂದ ಚಿಪ್ಪಿಗೆ ಪ್ರತ್ಯೇಕ ಸಾಲು.

ಹಂತ 3: ಏಡಿ ತಾನಾಗಿ ಹೊರಬರಲಿ

ಹೆಚ್ಚಿನವರು ಸೋಲುವುದು ಇಲ್ಲೇ, ಕಾರಣ ಅವಸರ.

ಏಡಿ ಸಿಕ್ಕ ಜಾಗದ ನೀರನ್ನೇ ತಟ್ಟೆಗೆ ಹಾಕಿ, ಚಿಪ್ಪು ಅರ್ಧ ಮುಳುಗುವಷ್ಟು. ಬಾಟಲಿಯ ಕುಡಿಯುವ ನೀರು, ನಲ್ಲಿ ನೀರು ಬೇಡ. ಉಪ್ಪಿನ ಅಂಶ ಥಟ್ಟನೆ ಬದಲಾದರೆ ಅದು ಬಳಲುತ್ತದೆ. ತಟ್ಟೆ ನೆರಳಿನಲ್ಲಿರಲಿ. ತೆಳು ನೀರು ಬಿಸಿಲಿಗೆ ಬೇಗ ಕಾಯುತ್ತದೆ. ಸೀನೋಬಿಟ ಇರಬಹುದೆಂಬ ಅನುಮಾನವಿದ್ದರೆ ನೀರನ್ನೇ ಹಾಕಬೇಡಿ, ತಟ್ಟೆ ಬರೀ ಒದ್ದೆಯಾಗಿದ್ದರೆ ಸಾಕು. ಅದು ನೆಲದ ಪ್ರಾಣಿ, ಹೆಚ್ಚು ಹೊತ್ತು ಮುಳುಗಿಸಿಟ್ಟರೆ ಸಾಯುತ್ತದೆ.

ಚಿಪ್ಪಿನ ಬಾಯಿ ಕೆಳಗಿರುವಂತೆ ಇಡಿ. ಎರಡು ಹೆಜ್ಜೆ ಹಿಂದೆ ಸರಿದು, ನೆರಳು ತಟ್ಟೆಯ ಮೇಲೆ ಬೀಳದಂತೆ ಕೂತುಕೊಳ್ಳಿ. ಮೊದಲು ಕಾಣುವುದು ಚಿಕ್ಕ ಮೀಸೆಗಳು. ಚಿಪ್ಪಿನ ಅಂಚಿನಡಿಯಿಂದ ಎರಡು ಎಳೆ ಬಂದು ಪಟಪಟನೆ ಅಲುಗುತ್ತವೆ, ನೀರಿನ ವಾಸನೆ ಹಿಡಿಯುವುದು ಅವುಗಳ ಕೆಲಸ. ಆಮೇಲೆ ಒಂದು ಕಾಲಿನ ತುದಿ ಬಂದು ತಟ್ಟೆಯನ್ನು ಮುಟ್ಟಿ, ಹಿಂದೆ ಹೋಗಿ, ಮತ್ತೆ ಬರುತ್ತದೆ. ಕಣ್ಣುಗಳು ಹೊರಗೆ ಬಂದು ಒಂದು ಕ್ಷಣ ನಿಲ್ಲುತ್ತವೆ. ಈಗ ನೀವು ಕೈ ಎತ್ತಿದರೆ ಎಲ್ಲವೂ ಒಂದೇ ಸಲಕ್ಕೆ ಒಳಗೆ. ಸುಮ್ಮನಿದ್ದರೆ ಚಿಪ್ಪು ಒಮ್ಮೆ ಅಲುಗಾಡಿ, ಕಾಲುಗಳ ಮೇಲೆ ಎದ್ದು ನಡೆಯಲು ಶುರು. ಎರಡು ನಿಮಿಷವಾಗಬಹುದು, ಹದಿನೈದೂ ಆಗಬಹುದು.

ಎಳೆಯಬೇಡಿ. ಏಡಿಯ ಹೊಟ್ಟೆ ಮೆತ್ತಗಿದ್ದು ಚಿಪ್ಪಿನ ಸುರುಳಿಗೆ ತಕ್ಕಂತೆ ಬಾಗಿರುತ್ತದೆ, ಹಿಂಬದಿಯ ಕೊಕ್ಕೆಯಂಥ ಅಂಗ ಒಳಗಿನ ಕಂಬವನ್ನು ಹಿಡಿದಿರುತ್ತದೆ. ಎಳೆದರೆ ಹಿಡಿತ ಬಿಡುವುದಿಲ್ಲ, ದೇಹವೇ ಹರಿಯುತ್ತದೆ. ಚಿಪ್ಪಿಗೆ ಬಿಸಿ ತಾಗಿಸುವುದು, ಚಿಪ್ಪು ಒಡೆಯುವುದು ಇವನ್ನೆಲ್ಲ ಮಾಡುವವರಿದ್ದಾರೆ. ಗುರುತಿಸುವುದಕ್ಕೆ ಬೇಕಾದ ಪ್ರತಿಯೊಂದು ಲಕ್ಷಣವೂ ಏಡಿ ತಾನಾಗಿ ಹೊರಚಾಚುವ ಭಾಗದಲ್ಲೇ ಇದೆ. ಹಿಂಸೆಗೆ ಕಾರಣವೇ ಇಲ್ಲ.

ಹೊರಬಂದಾಗ ಎಣಿಸಿ: ಒಂದು ಜೊತೆ ಇಕ್ಕಳ, ಎರಡು ಜೊತೆ ನಡೆಗಾಲು. ಇನ್ನೆರಡು ಜೊತೆ ಕುಳ್ಳ ಕಾಲುಗಳು ಚಿಪ್ಪಿನೊಳಗೇ ಇರುತ್ತವೆ.

ಕಾಲಿಗೆ ಕೆಸರು ಮೆತ್ತಿದ್ದರೆ ಒದ್ದೆ ಬ್ರಷ್‌ನಿಂದ ಮೆಲ್ಲಗೆ ಸವರಿ. ಕೆಸರಿನ ಕಂದು ಬಣ್ಣವನ್ನೇ ಏಡಿಯ ಬಣ್ಣ ಎಂದು ಬರೆದವರು ಕಡಿಮೆಯೇನಿಲ್ಲ.

ಹಂತ 4: ಇಕ್ಕಳ ನೋಡಿ ಕುಲ ನಿರ್ಧರಿಸಿ

ಇಲ್ಲಿ ಮೂರು ಪ್ರಶ್ನೆ. ಇದೇ ಕ್ರಮದಲ್ಲಿ ಕೇಳಿ.

ಎರಡು ಇಕ್ಕಳಗಳ ಗಾತ್ರ ಹೇಗಿದೆ? ಹೆಚ್ಚೂಕಡಿಮೆ ಸಮವಿದ್ದರೆ ಕ್ಲಿಬನೇರಿಯಸ್ ಕಡೆಗೆ ಹೆಜ್ಜೆ. ಎಡ ಇಕ್ಕಳ ಸ್ಪಷ್ಟವಾಗಿ ದೊಡ್ಡದಿದ್ದರೆ ಡಯೋಜಿನಿಸ್ ಅಥವಾ ಸೀನೋಬಿಟ. ಬಲ ಇಕ್ಕಳ ದೊಡ್ಡದಿದ್ದರೆ ಬಹುಶಃ ಪ್ಯಾಗುರಿಡೇ ಎಂಬ ಬೇರೆಯೇ ಕುಟುಂಬ. ನೀವು ಹುಡುಕುತ್ತಿರುವ ಏಡಿ ಅದಲ್ಲ.

ಬೆರಳುಗಳು ಯಾವ ದಿಕ್ಕಿಗೆ ತೆರೆಯುತ್ತವೆ? ಇಕ್ಕಳದ ತುದಿಯ ಎರಡು ಬೆರಳುಗಳನ್ನು ಎದುರಿನಿಂದ ನೋಡಿ. ಕ್ಲಿಬನೇರಿಯಸ್‌ನ ಬೆರಳುಗಳು ಮೇಜಿನ ಮೇಲೆ ಮಲಗಿಸಿದ ಕತ್ತರಿಯಂತೆ ಅಕ್ಕಪಕ್ಕಕ್ಕೆ ತೆರೆಯುತ್ತವೆ. ಡಯೋಜಿನಿಸ್‌ನಲ್ಲಿ ಓರೆಯಾಗಿ ಅಥವಾ ಮೇಲೆ ಕೆಳಗೆ. ಸ್ಥಿರ ಫೋಟೊದಲ್ಲಿ ಇದು ತಿಳಿಯುವುದು ಕಷ್ಟ. ಏಡಿ ತಟ್ಟೆಯ ತಳವನ್ನು ಕೆರೆದು ತಿನ್ನುವಾಗ ಹತ್ತು ಸೆಕೆಂಡಿನ ವಿಡಿಯೊ ಮಾಡಿದರೆ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಬೆರಳ ತುದಿ ಹೇಗಿದೆ? ಕ್ಲಿಬನೇರಿಯಸ್‌ನಲ್ಲಿ ತುದಿ ಕಪ್ಪಗೆ, ಉಗುರಿನಂಥ ಗಟ್ಟಿ ಪದಾರ್ಥದ್ದು, ಒಳಗೆ ಚಮಚದಂತೆ ತಗ್ಗು. ಕಪ್ಪು ತುದಿ ಒಂದನ್ನೇ ನಂಬಬೇಡಿ. ಸಮ ಇಕ್ಕಳ, ಅಕ್ಕಪಕ್ಕಕ್ಕೆ ತೆರೆಯುವ ಬೆರಳು, ಕಪ್ಪು ಚಮಚ ತುದಿ ಮೂರೂ ಕೂಡಿದರೆ ಕುಲ ಗಟ್ಟಿ.

ಇಲ್ಲೊಂದು ಎಚ್ಚರಿಕೆ. ಜಗಳದಲ್ಲೋ ಬೇರೆ ಪ್ರಾಣಿಯ ಬಾಯಲ್ಲೋ ಇಕ್ಕಳ ಕಳೆದುಕೊಂಡ ಏಡಿ ಹೊಸದನ್ನು ಬೆಳೆಸಿಕೊಳ್ಳುತ್ತದೆ. ಹಾಗೆ ಬೆಳೆಯುತ್ತಿರುವ ಇಕ್ಕಳ ಚಿಕ್ಕದಾಗಿರುತ್ತದೆ. ಬಲ ಇಕ್ಕಳ ಕಳೆದುಕೊಂಡ ಕ್ಲಿಬನೇರಿಯಸ್ ಹೊರನೋಟಕ್ಕೆ ‘ಎಡ ದೊಡ್ಡದು’ ಎಂಬ ಗುಂಪಿಗೇ ಸೇರಿಬಿಡುತ್ತದೆ. ಚಿಕ್ಕ ಇಕ್ಕಳ ತೆಳುವಾಗಿ, ಮಾಸಲಾಗಿ, ಮುಳ್ಳು ಕಡಿಮೆಯಾಗಿ ಕಂಡರೆ ಅನುಮಾನಪಡಿ. ಅದೇ ಗುಂಪಿನ ಇನ್ನೂ ನಾಲ್ಕೈದು ಏಡಿ ನೋಡಿದರೆ ಗೊಂದಲ ಬಗೆಹರಿಯುತ್ತದೆ.

ಹಂತ 5: ಮೀಸೆ ಮತ್ತು ಕಣ್ಣಿನ ಬುಡದಿಂದ ಖಾತ್ರಿ

ಇಕ್ಕಳ ಹೇಳಿದ್ದು ನಿಜವೇ ಎಂದು ನೋಡುವ ಹಂತ ಇದು. ಐದು ನಿಮಿಷದ ಕೆಲಸ, ಆದರೂ ಬಿಟ್ಟುಬಿಡುವವರೇ ಹೆಚ್ಚು.

ದೊಡ್ಡ ಮೀಸೆಯನ್ನು ಭೂತಗನ್ನಡಿಯಲ್ಲಿ ನೋಡಿ. ಡಯೋಜಿನಿಸ್‌ನ ಮೀಸೆಯಲ್ಲಿ ಉದ್ದ ಕೂದಲಿನ ಸಾಲುಗಳಿದ್ದು ಗರಿಯಂತೆ ಕಾಣುತ್ತದೆ, ಅದನ್ನು ನೀರಿನಲ್ಲಿ ಬೀಸಿ ಆಹಾರದ ಕಣ ಹಿಡಿಯುತ್ತದೆ. ಕ್ಲಿಬನೇರಿಯಸ್‌ನ ಮೀಸೆ ಬರೀ ದಾರದಂತೆ. ನೀರಿನೊಳಗಿರುವಾಗಲೇ ನೋಡಬೇಕು. ಹೊರಗೆ ತೆಗೆದರೆ ಕೂದಲು ಅಂಟಿಕೊಂಡು ಗರಿಯೂ ದಾರವಾಗಿಬಿಡುತ್ತದೆ.

ಕಣ್ಣಿನ ತೊಟ್ಟುಗಳ ಬುಡದಲ್ಲಿ ಹುರುಪೆಯಂಥ ಎರಡು ಸಣ್ಣ ತುಂಡುಗಳಿರುತ್ತವೆ. ಡಯೋಜಿನಿಸ್‌ನಲ್ಲಿ ಅವೆರಡರ ನಡುವೆ ಅಲುಗಾಡುವ ಮುಳ್ಳಿನಂಥ ಇನ್ನೊಂದು ತುಂಡಿರುತ್ತದೆ. ಕ್ಲಿಬನೇರಿಯಸ್‌ನಲ್ಲಿ ಅದಿಲ್ಲ.

ಸೀನೋಬಿಟ ಗುರುತು ಹಿಡಿಯುವುದು ಸುಲಭ. ಕಣ್ಣಿನ ತೊಟ್ಟು ಎರಡು ಬದಿಯಿಂದ ಅದುಮಿದಂತೆ ಚಪ್ಪಟೆ. ಚಿಕ್ಕ ಮೀಸೆ ಉದ್ದವಾಗಿ ಬಾಗಿ, ತುದಿ ಮೊಂಡಾಗಿರುತ್ತದೆ. ದೊಡ್ಡ ಎಡ ಇಕ್ಕಳ ಚಿಪ್ಪಿನ ಬಾಯಿಗೆ ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ಕ್ಲಿಬನೇರಿಯಸ್‌ನ ಕಣ್ಣಿನ ತೊಟ್ಟು ತೆಳ್ಳಗೆ, ಉದ್ದಕ್ಕೆ, ಕಡ್ಡಿಯಂತೆ ದುಂಡಗಿರುತ್ತದೆ.

ಹಂತ 6: ಕಾಲಿನ ಗೆಣ್ಣು ಅಳೆಯಿರಿ

ಕುಲ ಸಿಕ್ಕಿತು. ಪ್ರಭೇದದ ಕೆಲಸ ಈಗ ಶುರು, ಕ್ಲಿಬನೇರಿಯಸ್ ಲಾಂಗಿಟಾರ್ಸಸ್ ವಿಷಯದಲ್ಲಿ ಈ ಹಂತವೇ ಎಲ್ಲಕ್ಕಿಂತ ಮುಖ್ಯ.

ನಡೆಗಾಲಿನ ಕೊನೆಯ ಭಾಗಕ್ಕೆ ತುದಿಗೆಣ್ಣು ಎನ್ನೋಣ. ಚೂಪಾಗಿ, ತುಸು ಬಾಗಿ, ಕಪ್ಪು ಉಗುರಿನಲ್ಲಿ ಮುಗಿಯುವುದು ಅದೇ. ಅದರ ಹಿಂದಿನದಕ್ಕೆ ಹಿಂಗೆಣ್ಣು ಎನ್ನೋಣ. ಎರಡರ ಉದ್ದವನ್ನೂ ಕಾಲಿನ ಹೊರಬದಿಯಿಂದ ಅಳೆಯಬೇಕು. ಎರಡನೇ ಜೊತೆ ನಡೆಗಾಲಿನ ಎಡಗಾಲನ್ನು ಆರಿಸಿಕೊಂಡು ಪ್ರತಿ ಏಡಿಯಲ್ಲೂ ಅದನ್ನೇ ಅಳೆದರೆ ಹೋಲಿಕೆ ಸಾಧ್ಯ.

ಲೆಕ್ಕ ಸರಳ. ತುದಿಗೆಣ್ಣಿನ ಉದ್ದವನ್ನು ಹಿಂಗೆಣ್ಣಿನ ಉದ್ದದಿಂದ ಭಾಗಿಸಿ. ತುದಿಗೆಣ್ಣು 7.2 ಮಿ.ಮೀ., ಹಿಂಗೆಣ್ಣು 6 ಮಿ.ಮೀ. ಇದ್ದರೆ ಉತ್ತರ 1.2. ಒಂದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಲಾಂಗಿಟಾರ್ಸಸ್‌ನ ದಾರಿಯಲ್ಲಿದ್ದೀರಿ. ಒಂದಕ್ಕಿಂತ ಕಡಿಮೆ ಬಂದರೆ, ಪಟ್ಟೆ ಎಷ್ಟೇ ಹೋಲುತ್ತಿದ್ದರೂ, ಇದು ಬೇರೆ ಪ್ರಭೇದ. ಒಂದರ ಆಸುಪಾಸಿನಲ್ಲಿ ಸುಳಿದಾಡುತ್ತಿದ್ದರೆ ಇನ್ನೂ ಎರಡು ಕಾಲು, ಇನ್ನೂ ಮೂರು ಏಡಿ ಅಳೆಯಿರಿ.

ಜೀವಂತ ಏಡಿಯ ಕಾಲಿಗೆ ಕ್ಯಾಲಿಪರ್ ಹಚ್ಚಲು ಅದು ಬಿಡುವುದಿಲ್ಲ, ಬಲವಂತ ಮಾಡಿದರೆ ಕಾಲನ್ನೇ ಕಳಚಿಬಿಡಬಹುದು. ಫೋಟೊದಿಂದ ಅಳೆಯುವುದೇ ಒಳ್ಳೆಯದು. ಏಡಿ ಪಾರದರ್ಶಕ ಗೋಡೆಗೆ ಹತ್ತಿಕೊಂಡು ನಡೆಯುವಾಗ ಕಾಲು ಗೋಡೆಗೆ ಸಮನಾಗಿ ಚಾಚುತ್ತದೆ, ಆ ಗಳಿಗೆ ಹಿಡಿಯಿರಿ. ಇದಕ್ಕಾಗಿ ಒಂದು ಸಣ್ಣ ಪಾರದರ್ಶಕ ಡಬ್ಬಿ ಇಟ್ಟುಕೊಂಡರೆ ಚೆನ್ನ. ಕಾಲು ಲೆನ್ಸಿನ ಕಡೆಗೆ ಅಥವಾ ಆಚೆಗೆ ಬಾಗಿದ್ದರೆ ಆ ಗೆಣ್ಣು ಗಿಡ್ಡವಾಗಿ ಕಾಣುತ್ತದೆ, ಅನುಪಾತ ಪೂರ್ತಿ ಸುಳ್ಳಾಗುತ್ತದೆ. ತುದಿಗೆಣ್ಣು ಸಹಜವಾಗಿಯೇ ಒಳಕ್ಕೆ ಬಾಗುವುದರಿಂದ ಈ ತಪ್ಪು ಅಲ್ಲೇ ಹೆಚ್ಚು, ಉದ್ದ ಪಾದದ ಏಡಿ ಗಿಡ್ಡ ಪಾದದ್ದಾಗಿಬಿಡುತ್ತದೆ. ಎರಡು ಗೆಣ್ಣೂ ತುದಿಯಿಂದ ತುದಿಗೆ ಸಮನಾಗಿ ಚೂಪಾಗಿ ಕಾಣುತ್ತಿದ್ದರೆ ಮಾತ್ರ ಆ ಫೋಟೊ ಅಳತೆಗೆ ಯೋಗ್ಯ. ಒಂದು ತುದಿ ಮಸುಕಾಗಿದ್ದರೆ ಕಾಲು ಓರೆಯಾಗಿದೆ ಎಂದೇ ಅರ್ಥ.

ಉಗುರು ಮುರಿದ ಕಾಲು, ಹೊಸದಾಗಿ ಬೆಳೆಯುತ್ತಿರುವ ಕಾಲು ಲೆಕ್ಕಕ್ಕೆ ಬೇಡ. ಮರಿಗಳನ್ನೂ ಬಿಟ್ಟುಬಿಡಿ, ಅವುಗಳ ಕಾಲಿನ ಅನುಪಾತ, ಮುಳ್ಳು, ಬಣ್ಣ ಮೂರೂ ದೊಡ್ಡವುಗಳಂತಿರಬೇಕೆಂದಿಲ್ಲ. ಗಾತ್ರ ಬರೆಯುವಾಗ ಚಿಪ್ಪನ್ನು ಅಳೆಯಬೇಡಿ. ಬೆನ್ನಿನ ಮುಂಭಾಗದ ಗಟ್ಟಿ ತಲೆಗವಚದ ಉದ್ದವೇ ಸನ್ಯಾಸಿ ಏಡಿಯ ಗಾತ್ರದ ರೂಢಿಯ ಅಳತೆ.

ಹಂತ 7: ಬಣ್ಣ, ಜೀವವಿರುವಾಗಲೇ

ಈಗ ಪಟ್ಟೆಯ ಸರದಿ. ಲಾಂಗಿಟಾರ್ಸಸ್‌ನ ನಡೆಗಾಲು ಹಸಿರು ಬೆರೆತ ಕಂದು ಬಣ್ಣದ್ದು, ಹೊರಮುಖದ ಮೇಲೆ ಉದ್ದಕ್ಕೆ ನೀಲಿ ಛಾಯೆಯ ಪಟ್ಟೆ. ಪಟ್ಟೆ ಕಾಲಿನ ಉದ್ದಕ್ಕೆ ಹರಿದಿದೆಯೇ, ಅಡ್ಡ ಬಳೆಯಂತಿದೆಯೇ, ಚುಕ್ಕೆಗಳ ಸಾಲೇ ಎಂಬುದನ್ನು ಮೊದಲು ಬರೆಯಿರಿ. ಆಮೇಲೆ ಎಣಿಸಿ: ಒಂದು ಗೆಣ್ಣಿನ ಹೊರಮುಖದಲ್ಲಿ ಎಷ್ಟು ಪಟ್ಟೆ? ಕೊನೆಗೆ ಬಣ್ಣ. ಬಣ್ಣವನ್ನು ಕೊನೆಗಿಡಲು ಕಾರಣವಿದೆ. ಹಸಿರೆಲೆಗಳ ನೆರಳಿನಲ್ಲಿ ನೀಲಿ ಬೂದಾಗುತ್ತದೆ, ಸಂಜೆಯ ಬಿಸಿಲಲ್ಲಿ ಕಿತ್ತಳೆಯ ಕಡೆಗೆ ವಾಲುತ್ತದೆ. ಬಿಳಿ ತಟ್ಟೆ ಫೋಟೊದಲ್ಲಿ ಬಿಳಿಯಾಗಿಯೇ ಬಂದಿದೆಯೇ ನೋಡಿ. ತಟ್ಟೆ ಹಳದಿಯಾಗಿದ್ದರೆ ಏಡಿಯ ಬಣ್ಣವೂ ಸುಳ್ಳು.

ಇದೇ ತಾನೇ ಪೊರೆ ಕಳಚಿದ ಏಡಿಯ ಬಣ್ಣ ಪೇಲವ. ಹಳೆಯ ಪೊರೆಯ ಮೇಲೆ ಪಾಚಿ ಕೂತಿದ್ದರೆ ಎಲ್ಲವೂ ಹಸಿರು. ಸತ್ತ ಏಡಿಯ ಬಣ್ಣ ಬದಲಾಗುತ್ತದೆ, ಮದ್ಯಸಾರದ ಬಾಟಲಿಗೆ ಹೋದರೆ ಮಾಸಿಹೋಗುತ್ತದೆ. ಫೋಟೊ ಮೊದಲು, ಉಳಿದದ್ದೆಲ್ಲ ಆಮೇಲೆ.

ತೆಗೆಯಬೇಕಾದ ಫೋಟೊ ಐದು: ಮೇಲಿನಿಂದ ಪೂರ್ತಿ ಏಡಿ, ಎಡಬದಿಯಿಂದ ನಡೆಗಾಲು, ಎದುರಿನಿಂದ ಎರಡೂ ಇಕ್ಕಳ, ಕಣ್ಣು ಮತ್ತು ಮೀಸೆಯ ಬುಡ, ಸಿಕ್ಕ ಜಾಗ. ಚಿಪ್ಪಿನದು ಆರನೆಯದು, ಬೇಕಿದ್ದರೆ.

ಹಂತ 8: ನಂಟರ ಜೊತೆ ಹೋಲಿಸಿ

ಹೆಸರು ಬರೆಯುವ ಮೊದಲು ‘ಇದು ಬೇರೆ ಯಾವುದಾಗಿರಬಹುದು?’ ಎಂದು ಕೇಳಿಕೊಳ್ಳಬೇಕು. ಕ್ಲಿಬನೇರಿಯಸ್ ಕುಲದಲ್ಲಿ ಹತ್ತಾರು ಪ್ರಭೇದಗಳಿವೆ, ಅದರಲ್ಲಿ ಕೆಲವು ಒಂದೇ ಕೆಸರಿನಲ್ಲಿ ಸಿಗುತ್ತವೆ.

ಕ್ಲಿಬನೇರಿಯಸ್ ಇನ್ಫ್ರಾಸ್ಪಿನೇಟಸ್ ಅಳಿವೆಯ ಕೆಸರಿನಲ್ಲಿ ಸಾಮಾನ್ಯ. ಇದರ ಕಾಲಿನಲ್ಲೂ ಉದ್ದ ಪಟ್ಟೆಗಳಿವೆ, ಆದರೆ ಕಿತ್ತಳೆ ಛಾಯೆಯವು. ಹೆಸರಿನ ಅರ್ಥ ‘ಕೆಳಗೆ ಮುಳ್ಳಿರುವುದು’. ಇಕ್ಕಳದ ತೋಳನ್ನು ಕೆಳಗಿನಿಂದ ನೋಡುವುದನ್ನು ಮರೆಯಬೇಡಿ ಎಂದು ಹೆಸರೇ ಹೇಳುತ್ತಿದೆ. ಪಾರದರ್ಶಕ ಡಬ್ಬಿಯ ಅಡಿಯಿಂದ ನೋಡಿದರೆ ಏಡಿಯನ್ನು ಮುಟ್ಟದೆಯೇ ಇದು ಸಾಧ್ಯ.

ಕ್ಲಿಬನೇರಿಯಸ್ ಲೇವಿಮ್ಯಾನಸ್ ಎಂದರೆ ನುಣುಪು ಕೈಯದ್ದು. ಇಕ್ಕಳದ ಮೇಲ್ಮೈಯನ್ನು ಹೋಲಿಸಿ ನೋಡಿ. ಕ್ಲಿಬನೇರಿಯಸ್ ಪಡಾವೆನ್ಸಿಸ್ ಕೂಡ ಭಾರತದ ಅಳಿವೆ, ಕಾಂಡ್ಲಾ ಕಾಡುಗಳಲ್ಲಿ ಬಹಳ ಸಿಗುವ ಏಡಿ. ಇದನ್ನು ಲಾಂಗಿಟಾರ್ಸಸ್ ಎಂದು ತಪ್ಪು ತಿಳಿಯಬಹುದು. ಇವೆರಡರ ನಡುವೆ ಫೋಟೊ ನೋಡಿ ತೀರ್ಮಾನಿಸಬೇಡಿ, ಪ್ರಕಟವಾದ ಗುರುತಿನ ಕೀಲಿಯನ್ನು (ಲಕ್ಷಣಗಳನ್ನು ಒಂದೊಂದಾಗಿ ಕೇಳುತ್ತ ಪ್ರಭೇದಕ್ಕೆ ತಲುಪಿಸುವ ಪಟ್ಟಿ) ಎದುರಿಗಿಟ್ಟುಕೊಂಡು ಗೆಣ್ಣಿನ ಅನುಪಾತ, ಇಕ್ಕಳದ ಮುಳ್ಳು, ಪಟ್ಟೆ ಮೂರನ್ನೂ ಸಾಲು ಸಾಲಾಗಿ ಹೋಲಿಸಿ.

ಅಟ್ಲಾಂಟಿಕ್ ಕಡೆಯ ಓದುಗರಿಗೆ: ಅಮೆರಿಕದ ಕರಾವಳಿಯ ಕ್ಲಿಬನೇರಿಯಸ್ ವಿಟ್ಟೇಟಸ್ ಎಂದು ಬಹುಕಾಲ ಕರೆದದ್ದರಲ್ಲಿ ಎರಡು ಪ್ರಭೇದಗಳು ಸೇರಿಕೊಂಡಿದ್ದವು. 2014ರಲ್ಲಿ ಡಿಎನ್ಎ ಮತ್ತು ದೇಹಲಕ್ಷಣ ಎರಡನ್ನೂ ನೋಡಿ ದಕ್ಷಿಣದ ಏಡಿಗೆ ಕ್ಲಿಬನೇರಿಯಸ್ ಸಿಮ್ಮೆಟ್ರಿಕಸ್ ಎಂಬ ಹಳೆಯ ಹೆಸರನ್ನು ಮರಳಿ ಕೊಟ್ಟರು. ಅದಕ್ಕೂ ಮೊದಲಿನ ಪಟ್ಟಿಗಳನ್ನು ನೋಡಿ ಹೆಸರು ಬರೆದರೆ ತಪ್ಪಾಗುವ ಸಾಧ್ಯತೆ ಇದೆ.

ಹಂತ 9: ಹೆಸರು ಬರೆಯುವುದು, ಅಥವಾ ಬರೆಯದಿರುವುದು

ಕುಲದ ಮೂರು ಲಕ್ಷಣ, ಮೀಸೆಯ ಖಾತ್ರಿ, ಒಂದಕ್ಕಿಂತ ಹೆಚ್ಚಿನ ಅನುಪಾತ, ಉದ್ದ ಪಟ್ಟೆ, ಒಪ್ಪುವ ಜಾಗ ಇವೆಲ್ಲ ಕೂಡಿದರೆ ಕ್ಲಿಬನೇರಿಯಸ್ ಲಾಂಗಿಟಾರ್ಸಸ್ ಎಂದು ಬರೆಯಿರಿ. ಒಂದು ಕೊಂಡಿ ಕಳಚಿದರೂ ‘ಕ್ಲಿಬನೇರಿಯಸ್, ಪ್ರಭೇದ ಖಚಿತವಿಲ್ಲ’ ಎಂದು ನಿಲ್ಲಿಸಿ. ಇದು ಸೋಲಲ್ಲ. ಸರಿಯಾದ ಕುಲದ ದಾಖಲೆ ಮುಂದಿನವರಿಗೆ ನೆರವಾಗುತ್ತದೆ. ತಪ್ಪು ಪ್ರಭೇದದ ದಾಖಲೆ, ಜನರು ಕಂಡ ಜೀವಿಗಳ ಫೋಟೊ ಹಾಕುವ ಐ-ನ್ಯಾಚುರಲಿಸ್ಟ್‌ನಂಥ ತಾಣ ಸೇರಿದರೆ ಅದನ್ನು ನೋಡಿ ಇನ್ನೂ ಹತ್ತು ಜನ ಅದೇ ತಪ್ಪು ಮಾಡುತ್ತಾರೆ. ಅಂಥ ತಾಣಗಳ ತಂತ್ರಾಂಶ ಸೂಚಿಸುವ ಹೆಸರನ್ನೂ ಸುಳಿವು ಎಂದಷ್ಟೇ ತೆಗೆದುಕೊಳ್ಳಿ.

ಡಿಎನ್ಎ ಪರೀಕ್ಷೆ ಬೇಕೇ ಬೇಕು ಎನ್ನುವ ಸಂಶೋಧಕರು ಮೊದಲು ಅನುಮತಿ ಪಡೆಯಬೇಕು, ಕಾಂಡ್ಲಾ ಕಾಡುಗಳು ಬಹಳ ಕಡೆ ರಕ್ಷಿತ ಪ್ರದೇಶ. ಮಾದರಿಯನ್ನು 95 ಪ್ರತಿಶತ ಎಥನಾಲ್‌ನಲ್ಲಿಡಿ. ಫಾರ್ಮಲಿನ್ ಡಿಎನ್ಎಯನ್ನು ಹಾಳುಮಾಡುತ್ತದೆ. ಹವ್ಯಾಸಿಗಳಿಗೆ ಇದಾವುದೂ ಬೇಡ. ಏಡಿ ಕಳಚಿಟ್ಟ ಪೊರೆ ಸಿಕ್ಕರೆ ಎತ್ತಿಟ್ಟುಕೊಳ್ಳಿ. ಗೆಣ್ಣಿನ ಅಳತೆ, ಮುಳ್ಳು, ಬೆರಳ ತುದಿ ಎಲ್ಲವನ್ನೂ ಅದರಲ್ಲಿ ನಿಧಾನವಾಗಿ ನೋಡಬಹುದು.

ಕೈಬಿಡಬೇಕೆಂದು ಏಡಿಯೇ ಹೇಳುವ ಸೂಚನೆಗಳು

ಕಾಲುಗಳು ಜೋತುಬಿದ್ದು, ಮುಟ್ಟಿದರೂ ಒಳಗೆ ಹೋಗುತ್ತಿಲ್ಲ. ದೇಹ ಚಿಪ್ಪಿನಿಂದ ಹೊರಕ್ಕೆ ವಾಲಿದೆ. ಚಿಪ್ಪನ್ನೇ ಬಿಟ್ಟು ಬರಿಮೈಯಲ್ಲಿ ಹೊರಬಂದಿದೆ. ಇವು ನೀರು ಬಿಸಿಯಾಗಿದೆ ಅಥವಾ ಅದರಲ್ಲಿ ಉಸಿರಾಟಕ್ಕೆ ಆಮ್ಲಜನಕ ಸಾಲುತ್ತಿಲ್ಲ ಎಂಬ ಸೂಚನೆಗಳು. ಅಳತೆ ಅರ್ಧಕ್ಕೇ ನಿಂತರೂ ಸರಿ, ತಕ್ಷಣ ಹೊಸ ನೀರು, ನೆರಳು. ಬರಿಮೈಯ ಏಡಿಯ ಪಕ್ಕ ಅದೇ ಚಿಪ್ಪನ್ನು ಬಾಯಿ ಎದುರಾಗಿ ಇಟ್ಟು ದೂರ ಸರಿಯಿರಿ. ಎತ್ತಿ ತುರುಕಲು ಹೋಗಬೇಡಿ.

ಒಂದು ತಟ್ಟೆಯಲ್ಲಿ ಒಂದೇ ಏಡಿ ಇರಲಿ. ಎರಡಿಟ್ಟರೆ ಚಿಪ್ಪಿಗಾಗಿ ಹೊಡೆದಾಡುತ್ತವೆ. ಒಂದು ಏಡಿಗೆ ಅರ್ಧ ಗಂಟೆ ಮೀರಬೇಡಿ.

ವಾಪಸ್ ಬಿಡುವಾಗ

ಎತ್ತಿದ ಜಾಗಕ್ಕೇ ಬಿಡಿ, ಅಲ್ಲಿ ನೀರು ಏರಿದ್ದರೆ ಅದಕ್ಕೆ ಹತ್ತಿರದ ಒದ್ದೆ ಬೇರಿನ ಬುಡಕ್ಕೆ. ಚಿಪ್ಪಿನ ಬಾಯಿ ಕೆಳಗಿರಲಿ, ಬಿಸಿಲು ಬೀಳದಿರಲಿ. ದಾರಿಯಲ್ಲಿ ಸಿಕ್ಕ ಚೆಂದದ ಖಾಲಿ ಚಿಪ್ಪನ್ನು ಜೇಬಿಗೆ ಹಾಕಿಕೊಳ್ಳಬೇಡಿ. ಬೆಳೆದ ಏಡಿಗೆ ದೊಡ್ಡ ಮನೆ ಬೇಕು, ಒಳ್ಳೆಯ ಚಿಪ್ಪು ಸಿಗುವುದು ಅಪರೂಪ. ತಟ್ಟೆಯ ನೀರನ್ನೂ ಅಲ್ಲೇ ಚೆಲ್ಲಿ, ಬ್ರಷ್ ತೊಳೆದು, ಹೆಜ್ಜೆ ನೋಡಿಕೊಂಡು ಹಿಂತಿರುಗಿ.